ಲಾಗಿನ್ ಆಗುತ್ತದೆ, ಪಟ್ಟಿ ಬರುವುದಿಲ್ಲ: ಎಫ್‌ಟಿಪಿ ಪ್ಯಾಸಿವ್ ಮೋಡ್ ತೊಂದರೆಯ ಬಗ್ಗೆ



ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಳನ್ನೂ ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನೂ ಶಾಖೆಯವರು ತಾವೇ ಸಂಘದ ಜಾಲತಾಣಕ್ಕೆ ಏರಿಸಲಿ ಎಂಬ ಉದ್ದೇಶದಿಂದ ಪ್ರತಿ ಶಾಖೆಗೂ ಒಂದು ಫೋಲ್ಡರ್, ಒಂದು ಯೂಸರ್ ನೇಮ್, ಒಂದು ಪಾಸ್‌ವರ್ಡ್ ಕೊಟ್ಟಿದ್ದೇವೆ. ಹೋಸ್ಟಿಂಗ್ ಕಂಪನಿಯವರು ನಮ್ಮ ತಾಣವನ್ನು ಹೊಸ ಸರ್ವರ್‌ಗೆ ಬದಲಾಯಿಸಿದ ಮೇಲೆ ಕೆಲವು ಊರುಗಳಿಂದ ಒಂದೇ ರೀತಿಯ ದೂರು ಬರುತ್ತಿದೆ. ಹೊಸೂರಿನಲ್ಲಿ ಸರಿಯಾಗಿ ನಡೆಯುವುದು ಅಕ್ಕಲಕೋಟೆಯಲ್ಲಿ ನಡೆಯುವುದಿಲ್ಲ. ಕಾಸರಗೋಡಿನಲ್ಲಿ ಮನೆಯಿಂದ ಆಗುತ್ತದೆ, ಶಾಲೆಯ ಕಂಪ್ಯೂಟರಿನಿಂದ ಆಗುವುದಿಲ್ಲ. "ನಮ್ಮ ಶಾಖೆಯ ಹೆಸರನ್ನೇ ತೆಗೆದುಹಾಕಿದ್ದೀರಾ?" ಎಂದು ಹಿರಿಯ ಸದಸ್ಯರೊಬ್ಬರು ಫೋನಿನಲ್ಲಿ ಸ್ವಲ್ಪ ಖಾರವಾಗಿಯೇ ಕೇಳಿದರು. ಹಾಗೇನೂ ಇಲ್ಲ. ಯಾವ ಶಾಖೆಯ ಪಾಸ್‌ವರ್ಡನ್ನೂ ರದ್ದು ಮಾಡಿಲ್ಲ. ಇದು ಎಫ್‌ಟಿಪಿಯ ಪ್ಯಾಸಿವ್ ಮೋಡ್ ಎಂಬುದರ ತೊಂದರೆ. ಎಲ್ಲಿ ತಡೆಯಾಗಿದೆ ಎಂದು ಅರ್ಧ ಗಂಟೆಯಲ್ಲಿ ನೀವೇ ಕಂಡುಹಿಡಿಯಬಹುದು.

ಮೊದಲು ಈ ಎಫ್‌ಟಿಪಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡರೆ ಉಳಿದದ್ದು ಸುಲಭ. ಇದು ಬಹಳ ಹಳೆಯ ವ್ಯವಸ್ಥೆ. ಇದರ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋಗಿದ್ದವರು. ಇಂದಿಗೂ ಬಳಕೆಯಲ್ಲಿರುವ ನಿಯಮಾವಳಿ 1985ರ ಅಕ್ಟೋಬರ್‌ನದು. ಆಗ ಜಾಲದಲ್ಲಿದ್ದ ಯಂತ್ರಗಳು ಕಡಿಮೆ, ಒಂದನ್ನೊಂದು ನೇರವಾಗಿ ಮುಟ್ಟಬಹುದಾಗಿತ್ತು. ಈಗ ನಡುವೆ ಫೈರ್‌ವಾಲ್, ರೌಟರ್ ಎಂದು ಹತ್ತು ಚೆಕ್‌ಪೋಸ್ಟ್‌ಗಳಿವೆ. ವ್ಯವಸ್ಥೆ ಮಾತ್ರ ಹಳೆಯದೇ ಉಳಿದಿದೆ. ತೊಂದರೆಯ ಮೂಲ ಇರುವುದು ಇಲ್ಲಿಯೇ.

ಎಫ್‌ಟಿಪಿಗೆ ಒಂದು ಸಂಪರ್ಕ ಸಾಲದು, ಎರಡು ಬೇಕು. ಸರ್ಕಾರಿ ಕಚೇರಿಯನ್ನು ನೆನಪಿಸಿಕೊಳ್ಳಿ. ವಿಚಾರಣೆಯ ಕಿಟಕಿಯಲ್ಲಿ ಮಾತು, ಕಾಗದ ಕೊಡುವುದು ಇನ್ನೊಂದು ಕಿಟಕಿಯಲ್ಲಿ. ಸರ್ವರ್‌ನ 21ನೇ ಪೋರ್ಟ್ ಎಂಬುದು ವಿಚಾರಣೆಯ ಕಿಟಕಿ. ಹೆಸರು, ಪಾಸ್‌ವರ್ಡ್, "ಈ ಫೋಲ್ಡರ್ ತೆರೆ", "ಈ ಫೈಲ್ ತೆಗೆದುಕೋ" ಎಂಬ ಮಾತುಗಳೆಲ್ಲ ಅಲ್ಲಿ ನಡೆಯುತ್ತವೆ. ಆದರೆ ಫೈಲ್ ಸಾಗುವುದು ಪ್ರತ್ಯೇಕ ಸಂಪರ್ಕದಲ್ಲಿ. ಫೈಲ್ ಮಾತ್ರವಲ್ಲ, ಫೋಲ್ಡರಿನಲ್ಲಿ ಏನೇನಿದೆ ಎಂಬ ಪಟ್ಟಿ ಕೂಡ ಆ ಎರಡನೆಯ ಸಂಪರ್ಕದಲ್ಲಿಯೇ ಬರಬೇಕು. ಲಾಗಿನ್ ಆಗಿಯೂ ಪಟ್ಟಿ ಕಾಣದೆ ಇರುವುದಕ್ಕೆ ಇದೇ ಕಾರಣ.

ಈ ಎರಡನೆಯ ಸಂಪರ್ಕವನ್ನು ಯಾರು ಶುರು ಮಾಡುತ್ತಾರೆ ಎಂಬುದರಲ್ಲಿ ಎರಡು ಬಗೆ. ಆಕ್ಟಿವ್ ಮೋಡ್‌ನಲ್ಲಿ ನಿಮ್ಮ ಕಂಪ್ಯೂಟರ್ ತನ್ನ ವಿಳಾಸ ಕೊಡುತ್ತದೆ, ಸರ್ವರ್ ಅಲ್ಲಿಗೆ ಬಂದು ಬಾಗಿಲು ತಟ್ಟುತ್ತದೆ. ಈಗಿನ ಕಾಲದಲ್ಲಿ ಇದು ನಡೆಯುವುದು ಕಷ್ಟ. ನಮ್ಮ ಮನೆಯ ಕಂಪ್ಯೂಟರುಗಳು ವಠಾರದ ಒಳಮನೆಗಳಿದ್ದ ಹಾಗೆ: ಬೀದಿಗೆ ಕಾಣುವುದು ರೌಟರಿನ ಒಂದೇ ಬಾಗಿಲು, ಹೊರಗಿನವರಿಗೆ ಒಳಗಿನ ಮನೆ ಸಿಗುವುದಿಲ್ಲ. ಪ್ಯಾಸಿವ್ ಮೋಡ್‌ನಲ್ಲಿ ಸರ್ವರ್ ಬರುವುದಿಲ್ಲ, "ಇಂಥ ವಿಳಾಸದ ಇಂಥ ಕಿಟಕಿಗೆ ನೀನೇ ಬಾ" ಎಂದು ಹೇಳಿ ಕಾಯುತ್ತದೆ. ಫೈರ್‌ವಾಲ್‌ಗಳು ಹೆಚ್ಚುತ್ತಿದ್ದ ಕಾಲದಲ್ಲಿ, 1994ರಲ್ಲಿ, ಸ್ಟೀವನ್ ಬೆಲೊವಿನ್ ಎಂಬವರು ಎಲ್ಲರೂ ಪ್ಯಾಸಿವ್ ಬಳಸುವುದೇ ಒಳ್ಳೆಯದೆಂದು ಸಲಹೆ ಕೊಟ್ಟರು. ನಾವು ಬಳಸುವ ಫೈಲ್‌ಜಿಲ್ಲಾ ತಂತ್ರಾಂಶವೂ ಪ್ಯಾಸಿವ್‌ನಲ್ಲಿಯೇ ಶುರುವಾಗುತ್ತದೆ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಟೈಪ್ ಮಾಡುವ ಎಫ್‌ಟಿಪಿ ಆದೇಶಕ್ಕೆ ಪ್ಯಾಸಿವ್ ಗೊತ್ತೇ ಇಲ್ಲ, ಆದ್ದರಿಂದ ಅದರಲ್ಲಿ ಪರೀಕ್ಷೆ ಮಾಡಿ "ಸರ್ವರ್ ಕೆಟ್ಟಿದೆ" ಎಂದು ತೀರ್ಮಾನಿಸಬೇಡಿ.

ಈಗ ನಿಮ್ಮ ಪರದೆಗೆ ಬರೋಣ. ಫೈಲ್‌ಜಿಲ್ಲಾದ ಮೇಲ್ಭಾಗದಲ್ಲಿ ಸಾಲುಸಾಲಾಗಿ ಓಡುವ ಬರಹವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ಆವಕ-ಜಾವಕ ಪುಸ್ತಕವಿದ್ದ ಹಾಗೆ. ಏನು ಹೋಯಿತು, ಏನು ಬಂತು ಎಂದು ಎಲ್ಲವೂ ದಾಖಲಾಗಿರುತ್ತದೆ. ಕಾಣದಿದ್ದರೆ ವ್ಯೂ ಮೆನುವಿನಲ್ಲಿ ಮೆಸೇಜ್ ಲಾಗ್ ಎಂಬುದಕ್ಕೆ ಗುರುತು ಹಾಕಿ. ಕೊನೆಯ ಆರೇಳು ಸಾಲು ಓದಿದರೆ ಸಾಕು.

530 ಎಂಬ ಸಂಖ್ಯೆ ಬಂದಿದ್ದರೆ ಅದು ಪಾಸ್‌ವರ್ಡ್ ತೊಂದರೆ, ಈ ಲೇಖನಕ್ಕೆ ಸಂಬಂಧವಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಲೂ ಬೇಡಿ. ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಅನೇಕ ಸರ್ವರ್‌ಗಳು ನಿಮ್ಮ ವಿಳಾಸವನ್ನೇ ಕೆಲಹೊತ್ತು ತಡೆಹಿಡಿಯುತ್ತವೆ, ಆಗ 21ನೇ ಪೋರ್ಟ್ ಕೂಡ ಸಿಗದೆ ಗೊಂದಲ ಎರಡರಷ್ಟಾಗುತ್ತದೆ. 230 ಬಂದಿದ್ದರೆ ಲಾಗಿನ್ ಆಗಿದೆ ಎಂದರ್ಥ. ಅದರ ನಂತರ 227 ಎಂದು ಶುರುವಾಗಿ, ಎಂಟರಿಂಗ್ ಪ್ಯಾಸಿವ್ ಮೋಡ್ ಎಂದು ಹೇಳಿ, ಆವರಣದೊಳಗೆ ಆರು ಸಂಖ್ಯೆಗಳಿರುವ ಒಂದು ಸಾಲು ಬರಬೇಕು. ಅದಾದ ಮೇಲೆ ಸುಮಾರು 20 ಸೆಕೆಂಡು ಮೌನ, ಕೊನೆಗೆ "ಫೇಲ್ಡ್ ಟು ರಿಟ್ರೀವ್ ಡೈರೆಕ್ಟರಿ ಲಿಸ್ಟಿಂಗ್" ಎಂದು ಕೆಂಪು ಅಕ್ಷರ. ಇದು ಪ್ಯಾಸಿವ್ ತೊಂದರೆಯ ಖಚಿತ ಗುರುತು. ಕೆಲವೊಮ್ಮೆ 425 ಎಂಬ ಸಂಖ್ಯೆಯೂ ಬರುತ್ತದೆ, ಡೇಟಾ ಸಂಪರ್ಕ ತೆರೆಯಲಾಗಲಿಲ್ಲ ಎಂದು ಸರ್ವರ್ ತಾನೇ ಹೇಳುವ ಮಾತು ಅದು.

ಆ 227ರ ಸಾಲಿನ ಆರು ಸಂಖ್ಯೆಗಳಲ್ಲಿ ಎಲ್ಲ ಗುಟ್ಟೂ ಇದೆ. ಉದಾಹರಣೆಗೆ (203,0,113,25,195,149) ಎಂದು ಬಂದಿದೆ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕು ಸೇರಿ ವಿಳಾಸ: 203.0.113.25. ಕೊನೆಯ ಎರಡು ಸೇರಿ ಕಿಟಕಿಯ ಸಂಖ್ಯೆ. ಲೆಕ್ಕ ಹೀಗೆ: ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿಸಬೇಕು. 195ನ್ನು 256ರಿಂದ ಗುಣಿಸಿದರೆ 49920, ಅದಕ್ಕೆ 149 ಸೇರಿಸಿದರೆ 50069. ಅಂದರೆ "203.0.113.25ರ 50069ನೇ ಕಿಟಕಿಗೆ ಬಾ" ಎಂದು ಸರ್ವರ್ ಹೇಳಿದೆ. ನಿಮ್ಮ ಕಂಪ್ಯೂಟರ್ ಅಲ್ಲಿಗೆ ಹೋಗಿದೆ, ಉತ್ತರ ಸಿಕ್ಕಿಲ್ಲ. ವಿಳಾಸ ತಪ್ಪೇ, ಕಿಟಕಿ ಮುಚ್ಚಿದೆಯೇ, ಇಲ್ಲವೇ ದಾರಿಯಲ್ಲಿ ಯಾರಾದರೂ ತಡೆದರೇ? ಉಳಿಯುವ ಪ್ರಶ್ನೆ ಇಷ್ಟೇ.

ಮೊದಲು ವಿಳಾಸ. ಮೊದಲ ಸಂಖ್ಯೆ 10 ಆಗಿದ್ದರೆ, ಅಥವಾ 192,168 ಎಂದು ಶುರುವಾದರೆ, ಅಥವಾ 172ರ ನಂತರ 16ರಿಂದ 31ರೊಳಗಿನ ಸಂಖ್ಯೆ ಇದ್ದರೆ ಅದು ವಠಾರದೊಳಗಿನ ಮನೆ ಸಂಖ್ಯೆ. ಹೊರಗಿನಿಂದ ಅಲ್ಲಿಗೆ ದಾರಿಯೇ ಇಲ್ಲ. ಈಗಿನ ಸರ್ವರ್‌ಗಳಲ್ಲಿ ಹೆಚ್ಚಿನವು ಯಾವುದೋ ದೊಡ್ಡ ಕಂಪನಿಯ ಕ್ಲೌಡ್‌ನೊಳಗೆ ಇರುತ್ತವೆ. ಅವುಗಳಿಗೆ ಒಳಗೊಂದು ವಿಳಾಸ, ಹೊರಗೊಂದು ವಿಳಾಸ. ಎಫ್‌ಟಿಪಿ ತಂತ್ರಾಂಶಕ್ಕೆ ಯಾರೂ ಹೇಳಿಕೊಡದಿದ್ದರೆ ಅದು ತನಗೆ ಗೊತ್ತಿರುವ ಒಳಗಿನ ವಿಳಾಸವನ್ನೇ ಕೊಡುತ್ತದೆ. ಫೈಲ್‌ಜಿಲ್ಲಾ ಸ್ವಲ್ಪ ಜಾಣ. ಇದನ್ನು ಗುರುತಿಸಿ, ಸರ್ವರ್ ಕೊಟ್ಟ ವಿಳಾಸ ತಲುಪಲಾಗದ್ದು, ಅದರ ಬದಲು ಸರ್ವರ್‌ನ ಮೂಲ ವಿಳಾಸವನ್ನೇ ಬಳಸುತ್ತೇನೆ ಎಂದು ಲಾಗ್‌ನಲ್ಲಿ ಬರೆದು ಕೆಲಸ ಮುಂದುವರಿಸುತ್ತದೆ. ಬೇರೆ ಕೆಲವು ತಂತ್ರಾಂಶಗಳಿಗೆ ಆ ಜಾಣತನವಿಲ್ಲ. ಒಂದೇ ಸರ್ವರ್ ಒಬ್ಬರಿಗೆ ಸರಿಯಿದ್ದು ಇನ್ನೊಬ್ಬರಿಗೆ ಕೈಕೊಡುವುದಕ್ಕೆ ಇದೊಂದು ಕಾರಣ. ಆದ್ದರಿಂದ ನನ್ನ ಮೊದಲ ವಿನಂತಿ: ಶಾಖೆಯಲ್ಲಿ ಬೇರೆ ತಂತ್ರಾಂಶ ಬಳಸುತ್ತಿದ್ದರೆ ಒಮ್ಮೆ ಫೈಲ್‌ಜಿಲ್ಲಾದಲ್ಲಿ ಪರೀಕ್ಷಿಸಿ.

ವಿಳಾಸ ಸರಿಯಿದ್ದರೆ ದಾರಿಯನ್ನು ಬದಲಿಸಿ ನೋಡಿ. ಅದೇ ಕಂಪ್ಯೂಟರ್, ಅದೇ ಪಾಸ್‌ವರ್ಡ್. ಬ್ರಾಡ್‌ಬ್ಯಾಂಡ್ ಬಿಟ್ಟು ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಪ್ರಯತ್ನಿಸಿ. ಅದರಲ್ಲಿ ಆಗಿಬಿಟ್ಟರೆ ತಡೆ ಇರುವುದು ನಿಮ್ಮ ಊರಿನ ಕಡೆ. ಶಾಲೆ, ಕಾಲೇಜು, ಬ್ಯಾಂಕುಗಳ ಜಾಲದಲ್ಲಿ ಜಾಲತಾಣ ನೋಡಲು ಬೇಕಾದ 80 ಮತ್ತು 443 ಎಂಬ ಪೋರ್ಟ್‌ಗಳನ್ನೂ ಇನ್ನೆರಡು ಮೂರನ್ನೂ ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ಮುಚ್ಚುವ ರೂಢಿಯಿದೆ. ಅಂಥ ಕಡೆ 50069ಕ್ಕೆ ಹೋಗಗೊಡುವುದಿಲ್ಲ. ಮಕ್ಕಳಿರುವ ಶಾಲೆ ಹಾಗೆ ಮಾಡಿರುವುದು ಸರಿಯೂ ಹೌದು. ಅಲ್ಲಿನ ಮೇಷ್ಟರ ಜೊತೆ ಜಗಳವಾಡದೆ ಮನೆಯಿಂದ ಏರಿಸಿ. ಮನೆಯಲ್ಲಿಯೇ ಆಗುತ್ತಿಲ್ಲವಾದರೆ ಆಂಟಿವೈರಸ್‌ನ ಫೈರ್‌ವಾಲನ್ನು ಎರಡು ನಿಮಿಷ ನಿಲ್ಲಿಸಿ ನೋಡಿ, ನೋಡಿದ ಮೇಲೆ ಮರಳಿ ಚಾಲೂ ಮಾಡುವುದನ್ನು ಮರೆಯಬೇಡಿ. ರೌಟರಿನಲ್ಲಿ ಎಫ್‌ಟಿಪಿ ಎಎಲ್‌ಜಿ ಎಂಬ ಒಂದು ಆಯ್ಕೆ ಇರುತ್ತದೆ. ಎಫ್‌ಟಿಪಿ ಮಾತುಕತೆಯನ್ನು ನಡುವೆ ಓದಿ ಸಹಾಯ ಮಾಡಲೆಂದು ಇಟ್ಟದ್ದು ಅದು, ಕೆಲವು ಅಗ್ಗದ ರೌಟರುಗಳಲ್ಲಿ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು: ಬ್ರಾಡ್‌ಬ್ಯಾಂಡ್‌ನಲ್ಲಿ ಆಗುತ್ತದೆ, ಮೊಬೈಲಿನಲ್ಲಿ ಆಗುವುದಿಲ್ಲ. ಆಗ ಲಾಗ್‌ನಲ್ಲಿ 227ರ ಬದಲು 229 ಇದೆಯೇ ನೋಡಿ. ಮೊಬೈಲ್ ಜಾಲಗಳಲ್ಲಿ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಈಗ ವ್ಯಾಪಕವಾಗಿದೆ. ಆ ದಾರಿಯಲ್ಲಿ ಹೋದಾಗ ಸರ್ವರ್ ಆರು ಸಂಖ್ಯೆ ಕೊಡುವುದಿಲ್ಲ, (|||50069|) ಎಂಬಂತೆ ಪೋರ್ಟ್ ಒಂದನ್ನೇ ಕೊಡುತ್ತದೆ. ಸರ್ವರ್‌ನವರು ಹಳೆಯ ಬಗೆಯ ವಿಳಾಸಕ್ಕೆ ಫೈರ್‌ವಾಲ್ ತೆರೆದು ಹೊಸ ಬಗೆಗೆ ತೆರೆಯಲು ಮರೆತಿದ್ದರೆ ಮೊಬೈಲಿನವರಿಗೆ ಮಾತ್ರ ಬಾಗಿಲು ಹಾಕಿದಂತಾಗುತ್ತದೆ. ಹೋಸ್ಟಿಂಗ್ ಕಂಪನಿಗೆ ಬರೆಯುವಾಗ ಈ ಒಂದು ಸಂಗತಿ ಹೇಳಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ.

ಎರಡು ಮೂರು ಊರುಗಳಿಂದ, ಬೇರೆ ಬೇರೆ ಸಂಪರ್ಕಗಳಿಂದ ಒಂದೇ ರೀತಿ ತಡೆಯಾದರೆ ದೋಷ ಸರ್ವರ್‌ನ ಕಡೆಯದು. ಇಲ್ಲಿಂದ ಮುಂದಿನದು ತಮ್ಮದೇ ಸರ್ವರ್ ಬಾಡಿಗೆಗೆ ಪಡೆದಿರುವ ಶಾಖೆಯವರಿಗೆ, ಮತ್ತು ಮನೆಯಲ್ಲಿ ಈ ವಿದ್ಯೆ ಬಲ್ಲ ಮಗನೋ ಮಗಳೋ ಇರುವವರಿಗೆ.

ಪ್ಯಾಸಿವ್‌ಗೆಂದು ಯಾವ ಪೋರ್ಟ್‌ಗಳನ್ನು ಬಳಸಬೇಕು ಎಂದು ಎಫ್‌ಟಿಪಿ ತಂತ್ರಾಂಶಕ್ಕೆ ಹೇಳಬೇಕು, ಅದೇ ಪೋರ್ಟ್‌ಗಳನ್ನು ಫೈರ್‌ವಾಲಿನಲ್ಲಿ ತೆರೆಯಬೇಕು. ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಸಿಪ್ಯಾನೆಲ್ ಇರುವ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಪ್ಯೂರ್‌ಎಫ್‌ಟಿಪಿಡಿ ಇರುತ್ತದೆ, ಅದಕ್ಕೆ ಮೊದಲೇ ಇಟ್ಟಿರುವ ವ್ಯಾಪ್ತಿ 49152ರಿಂದ 65534. ವಿಎಸ್‌ಎಫ್‌ಟಿಪಿಡಿಯಲ್ಲಿ ಕನಿಷ್ಠ ಮತ್ತು ಗರಿಷ್ಠ ಪೋರ್ಟ್ ನಮೂದಿಸದಿದ್ದರೆ ಅದು ತನಗೆ ತೋಚಿದ ಯಾವುದೋ ಪೋರ್ಟ್ ಹೇಳುತ್ತದೆ. ಅದಕ್ಕೆ ತಕ್ಕಂತೆ ಫೈರ್‌ವಾಲ್ ತೆರೆಯುವುದು ಹೇಗೆ? ಸಣ್ಣ ತಾಣಕ್ಕೆ 50000ದಿಂದ 50100ರವರೆಗೆ ಇಟ್ಟರೆ ಸಾಕು. ಐದಾರು ಪೋರ್ಟ್ ಮಾತ್ರ ಇಟ್ಟು ಜಿಪುಣತನ ಮಾಡಬಾರದು, ಏಕೆಂದರೆ ಪ್ರತಿ ಪಟ್ಟಿಗೂ ಪ್ರತಿ ಫೈಲಿಗೂ ಹೊಸ ಪೋರ್ಟ್ ಬೇಕು, ಬಳಸಿದ ಪೋರ್ಟ್ ಮರಳಿ ಸಿಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮೊದಲ ನಾಲ್ಕು ಫೋಟೋ ಹೋಗಿ ಐದನೆಯದಕ್ಕೆ ನಿಂತುಬಿಡುವುದು ಇಂಥಲ್ಲಿಯೇ.

ನೀವು ಇಟ್ಟ ವ್ಯಾಪ್ತಿ ನಿಜಕ್ಕೂ ಜಾರಿಗೆ ಬಂದಿದೆಯೇ ಎಂದು ಮತ್ತೆ 227ರ ಸಾಲೇ ಹೇಳುತ್ತದೆ. 50000ದಿಂದ 50100 ಎಂದಿಟ್ಟರೆ ಐದನೆಯ ಸಂಖ್ಯೆ ಯಾವಾಗಲೂ 195, ಆರನೆಯದು 80ರಿಂದ 180ರೊಳಗೆ. ಐದನೆಯದು 132 ಎಂದೋ 240 ಎಂದೋ ಬಂದರೆ ನಿಮ್ಮ ಬದಲಾವಣೆಯನ್ನು ಸರ್ವರ್ ಇನ್ನೂ ಓದಿಲ್ಲ. ಎಫ್‌ಟಿಪಿ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು.

ಫೈರ್‌ವಾಲ್ ಒಂದಲ್ಲ, ಎರಡು ಇರಬಹುದು. ಸರ್ವರ್‌ನ ಒಳಗೊಂದು, ಕ್ಲೌಡ್ ಕಂಪನಿಯ ನಿಯಂತ್ರಣ ಪುಟದಲ್ಲಿ ಸೆಕ್ಯುರಿಟಿ ಗ್ರೂಪ್ ಎಂಬ ಹೆಸರಿನಲ್ಲಿ ಇನ್ನೊಂದು. ಒಳಗಿನದನ್ನು ತೆರೆದು ಹೊರಗಿನದನ್ನು ಮರೆಯುವವರೇ ಹೆಚ್ಚು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ರಾಜ್ಯದ ಚೆಕ್‌ಪೋಸ್ಟ್ ದಾಟಿದ ಮಾತ್ರಕ್ಕೆ ಇನ್ನೊಂದರದ್ದು ದಾಟಿದಂತಲ್ಲ. 20 ಸೆಕೆಂಡು ಕಾಯಿಸಿ ಸೋತರೆ ಮಾತೇ ಆಡದೆ ನುಂಗುವ ಫೈರ್‌ವಾಲ್ ಎಂದು ಊಹಿಸಬಹುದು. ತಟ್ಟನೆ "ಕನೆಕ್ಷನ್ ರೆಫ್ಯೂಸ್ಡ್" ಎಂದು ಬಂದರೆ, ಯಂತ್ರದವರೆಗೆ ತಲುಪಿದ್ದೀರಿ ಆದರೆ ಆ ಕಿಟಕಿಯಲ್ಲಿ ಯಾರೂ ಕೂತಿಲ್ಲ, ಇಲ್ಲವೇ ಫೈರ್‌ವಾಲ್ ಬಾಯಿಬಿಟ್ಟು ಬೇಡ ಎಂದಿದೆ.

ಒಳವಿಳಾಸದ ತೊಂದರೆಗೆ ಪರಿಹಾರ, ಹೊರಗಿನ ವಿಳಾಸವನ್ನು ತಂತ್ರಾಂಶಕ್ಕೆ ಬರೆದುಕೊಡುವುದು. ವಿಎಸ್‌ಎಫ್‌ಟಿಪಿಡಿಯಲ್ಲಿ ಪ್ಯಾಸಿವ್ ಅಡ್ರೆಸ್, ಪ್ಯೂರ್‌ಎಫ್‌ಟಿಪಿಡಿಯಲ್ಲಿ ಫೋರ್ಸ್ ಪ್ಯಾಸಿವ್ ಐಪಿ, ಪ್ರೊಎಫ್‌ಟಿಪಿಡಿಯಲ್ಲಿ ಮ್ಯಾಸ್ಕರೇಡ್ ಅಡ್ರೆಸ್ ಎಂಬ ಸಾಲು ಇದಕ್ಕಾಗಿಯೇ ಇದೆ. ತಾಣವನ್ನು ಹೊಸ ಸರ್ವರ್‌ಗೆ ಬದಲಾಯಿಸಿದಾಗ ಈ ಸಾಲಿನಲ್ಲಿ ಹಳೆಯ ಸರ್ವರ್‌ನ ವಿಳಾಸವೇ ಉಳಿದುಕೊಳ್ಳುವುದುಂಟು. ಆಗ ನೋಡಲು ವಿಳಾಸ ಸರಿಯಾಗಿಯೇ ಕಾಣುತ್ತದೆ, ಆದರೆ ಮನೆ ಖಾಲಿ ಮಾಡಿ ಹೋದವರ ವಿಳಾಸ ಅದು. ತಾಣದ ಈಗಿನ ವಿಳಾಸದೊಂದಿಗೆ ಒಂದೊಂದು ಅಂಕಿಯನ್ನೂ ಹೋಲಿಸಿ ನೋಡಿ.

ಇನ್ನೊಂದು ತೊಡಕು ಬಹಳ ಜನರ ತಲೆ ತಿನ್ನುತ್ತದೆ. ಗೂಢಲಿಪಿ ಇಲ್ಲದೆ ಸಂಪರ್ಕಿಸಿದರೆ ಆಗುತ್ತದೆ, ಟಿಎಲ್‌ಎಸ್ ಎಂಬ ಸುರಕ್ಷಿತ ವಿಧಾನದಲ್ಲಿ ಆಗುವುದಿಲ್ಲ. ಕಾರಣ ಹೀಗಿದೆ. ಕೆಲವು ಫೈರ್‌ವಾಲ್‌ಗಳು 21ರ ಮಾತುಕತೆಯನ್ನು ಕದ್ದು ಕೇಳಿ, 227ರ ಸಾಲು ಓದಿ, ಆ ಒಂದು ಪೋರ್ಟನ್ನು ಆ ಕ್ಷಣಕ್ಕೆ ತಾವೇ ತೆರೆಯುತ್ತವೆ. ಲಿನಕ್ಸ್‌ನಲ್ಲಿ ಇದಕ್ಕೆಂದೇ ಒಂದು ಸಹಾಯಕ ಭಾಗವಿದೆ. ಮಾತುಕತೆ ಗೂಢಲಿಪಿಗೆ ಹೋದ ಕೂಡಲೇ ಅದಕ್ಕೆ ಏನೂ ಓದಲಾಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಇದಕ್ಕೆ ಟಿಎಲ್‌ಎಸ್ ತೆಗೆದುಹಾಕುವುದೇ ಪರಿಹಾರ ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೂಢಲಿಪಿ ಇಲ್ಲದ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ ಹೋಗುತ್ತದೆ. ವ್ಯಾಪ್ತಿ ನಿಗದಿ ಮಾಡಿ ಆ ಪೋರ್ಟ್‌ಗಳನ್ನು ಕಾಯಂ ಆಗಿ ತೆರೆದಿಡುವುದೇ ಸರಿಯಾದ ದಾರಿ. 522 ಎಂಬ ಸಂಖ್ಯೆಯೊಡನೆ ಸೆಷನ್ ರೀಯೂಸ್ ಬೇಕು ಎಂದು ಬಂದರೆ ಅದು ಪೋರ್ಟ್ ತೊಂದರೆಯಲ್ಲ, ನಿಮ್ಮ ತಂತ್ರಾಂಶ ಹಳೆಯದಾಗಿದೆ. ಹೊಸ ಆವೃತ್ತಿ ಹಾಕಿಕೊಳ್ಳಿ.

ದೊಡ್ಡ ಫೈಲ್‌ಗಳ ಬಗ್ಗೆ ಒಂದು ಮಾತು. ನೂರಾರು ಪುಟದ ಸ್ಮರಣ ಸಂಚಿಕೆಯ ಸ್ಕ್ಯಾನ್ ಏರಿಸುವಾಗ ನೂರಕ್ಕೆ ನೂರು ತಲುಪಿ ಅಲ್ಲೇ ನಿಂತು, ಕೊನೆಗೆ ಸಂಪರ್ಕ ಕಡಿದು, ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂಬ ದೂರು ಬಂದಿದೆ. ಫೈಲ್ ಎರಡನೆಯ ಸಂಪರ್ಕದಲ್ಲಿ ಸಾಗುತ್ತಿರುವಷ್ಟು ಹೊತ್ತೂ 21ರ ಕಿಟಕಿಯಲ್ಲಿ ಮಾತಿಲ್ಲ. ಬಹಳ ಹೊತ್ತು ಮಾತಿಲ್ಲದ್ದನ್ನು ಕಂಡ ರೌಟರ್ ಆ ಸಂಪರ್ಕವನ್ನು ಮುಗಿಯಿತೆಂದು ಮರೆತುಬಿಡುತ್ತದೆ. ಹೀಗಾಗಿ ಫೈಲ್ ತಲುಪಿದ್ದರೂ "ತಲುಪಿತು" ಎಂಬ 226ರ ರಸೀದಿ ನಿಮಗೆ ಬರುವುದಿಲ್ಲ. ಮತ್ತೆ ಏರಿಸುವ ಮೊದಲು ಸರ್ವರ್‌ನಲ್ಲಿರುವ ಫೈಲಿನ ಗಾತ್ರವನ್ನೂ ನಿಮ್ಮಲ್ಲಿರುವುದನ್ನೂ ಹೋಲಿಸಿ. ಬೈಟ್ ಬೈಟ್ ಸರಿಯಿದ್ದರೆ ಕೆಲಸ ಬಹುಮಟ್ಟಿಗೆ ಮುಗಿದಿದೆ. ಒಮ್ಮೆ ತೆರೆದು ನೋಡಿದರಾಯಿತು. ಮುಂದೆ ಹೀಗಾಗದಂತೆ ಸಂಚಿಕೆಯನ್ನು ನಾಲ್ಕೈದು ಭಾಗ ಮಾಡಿ ಏರಿಸುವುದು ಮೇಲು.

ಹೋಸ್ಟಿಂಗ್ ಕಂಪನಿಗೆ ದೂರು ಕೊಡುವ ವಿಷಯದಲ್ಲಿ ಗುಮಾಸ್ತಿಕೆ ಮಾಡಿದವನಾಗಿ ನನ್ನದೊಂದು ಸಲಹೆ. "ಎಫ್‌ಟಿಪಿ ಕೆಲಸ ಮಾಡುತ್ತಿಲ್ಲ" ಎಂದು ಒಂದು ಸಾಲು ಬರೆದರೆ "ನಮ್ಮಲ್ಲಿ ಸರಿಯಿದೆ" ಎಂದು ಒಂದು ಸಾಲಿನ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ. ತಮ್ಮ ಜಾಲದೊಳಗಿನಿಂದಲೇ ಪರೀಕ್ಷಿಸಿದರೆ ಅವರಿಗೆ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಅರ್ಜಿಯಲ್ಲಿ ಇಷ್ಟು ಇರಲಿ: ದಿನಾಂಕ ಮತ್ತು ಭಾರತೀಯ ಸಮಯ, ನಿಮ್ಮ ಹೊರವಿಳಾಸ, 227 ಅಥವಾ 229ರ ಸಾಲು ಇದ್ದ ಹಾಗೆಯೇ, ಅದರಿಂದ ಲೆಕ್ಕ ಹಾಕಿದ ಪೋರ್ಟ್ ಸಂಖ್ಯೆ, ಅದರ ನಂತರದ ಕೊನೆಯ ಸಾಲುಗಳು, ಯಾವ ಯಾವ ಸಂಪರ್ಕದಿಂದ ಆಗಲಿಲ್ಲ, ಯಾವುದರಿಂದ ಆಯಿತು. ಕೊನೆಯಲ್ಲಿ ನೇರ ಪ್ರಶ್ನೆ: ಪ್ಯಾಸಿವ್ ಪೋರ್ಟ್‌ಗಳ ವ್ಯಾಪ್ತಿ ಏನು, ಅದು ಎಲ್ಲ ಫೈರ್‌ವಾಲ್‌ಗಳಲ್ಲಿ ತೆರೆದಿದೆಯೇ? ಇಂಥ ಪತ್ರಕ್ಕೆ ಒಂದು ಸಾಲಿನ ಉತ್ತರ ಕೊಡುವುದು ಕಷ್ಟ. ಫೈಲ್‌ಜಿಲ್ಲಾ ತನ್ನ ಲಾಗ್‌ನಲ್ಲಿ ಪಾಸ್‌ವರ್ಡ್ ಜಾಗದಲ್ಲಿ ನಕ್ಷತ್ರಗಳನ್ನು ಹಾಕುತ್ತದೆ, ಆದ್ದರಿಂದ ನಕಲು ತೆಗೆದು ಕಳುಹಿಸಲು ಅಂಜಬೇಕಾಗಿಲ್ಲ.

ಇಷ್ಟೆಲ್ಲ ಆದರೂ ಕಾರ್ಯಕ್ರಮ ನಾಳೆಯೇ ಇದ್ದರೆ ಕಾಯುತ್ತ ಕೂರಬೇಡಿ. ನಿಯಂತ್ರಣ ಪುಟದಲ್ಲಿ ಫೈಲ್ ಮ್ಯಾನೇಜರ್ ಎಂಬುದಿದೆ, ಬ್ರೌಸರ್‌ನಿಂದಲೇ ಏರಿಸಬಹುದು. ಅದಕ್ಕೆ 21ನೇ ಪೋರ್ಟೂ ಬೇಡ, 50069ನೇ ಪೋರ್ಟೂ ಬೇಡ. ಅದರ ಪ್ರವೇಶ ನನ್ನ ಬಳಿ ಇರುವುದರಿಂದ ಆಮಂತ್ರಣದ ಪ್ರತಿಯನ್ನು ನನಗೆ ಕಳುಹಿಸಿದರೆ ಅದೇ ದಿನ ಹಾಕಿಸುತ್ತೇನೆ. ದೀರ್ಘಕಾಲಕ್ಕೆ ಎಸ್‌ಎಫ್‌ಟಿಪಿ ಒಳ್ಳೆಯದು. ಹೆಸರು ಹತ್ತಿರದ್ದಾದರೂ ಅದು ಬೇರೆಯೇ ವ್ಯವಸ್ಥೆ: 22ನೇ ಪೋರ್ಟಿನ ಒಂದೇ ಸಂಪರ್ಕದಲ್ಲಿ ಮಾತೂ ಫೈಲೂ ಎರಡೂ ಸಾಗುತ್ತವೆ, ಪ್ಯಾಸಿವ್ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಈಗಿನ ಅಗ್ಗದ ಯೋಜನೆಯಲ್ಲಿ ಆ ಸೌಲಭ್ಯ ಇಲ್ಲ. ನವೀಕರಣದ ಹೊತ್ತಿಗೆ ಸೌಲಭ್ಯವಿರುವ ಯೋಜನೆಗೆ ಬದಲಾಗಬೇಕೇ ಎಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ವಿಷಯ ಪಟ್ಟಿಗೆ ಸೇರಿಸಿದ್ದೇನೆ. ಶಾಖೆಗಳು ಒಪ್ಪಿದರೆ ವಾರ್ಷಿಕ ಖರ್ಚನ್ನು ಹಂಚಿಕೊಳ್ಳಬೇಕಾಗುತ್ತದೆ.

ತೊಂದರೆ ಇರುವ ಶಾಖೆಯವರು ಮೇಲೆ ಹೇಳಿದಂತೆ ಎರಡು ಸಂಪರ್ಕಗಳಿಂದ ಪರೀಕ್ಷಿಸಿ, ಲಾಗ್‌ನ ನಕಲನ್ನು ಶಾಖೆಯ ಹೆಸರಿನೊಂದಿಗೆ ಸಂಘದ ಕಚೇರಿಯ ಇಮೇಲ್‌ಗೆ ಈ ತಿಂಗಳ ಕೊನೆಯೊಳಗೆ ಕಳುಹಿಸಿ. ಎಲ್ಲವನ್ನೂ ಒಟ್ಟುಗೂಡಿಸಿ ಹೋಸ್ಟಿಂಗ್ ಕಂಪನಿಗೆ ಒಂದೇ ಪತ್ರ ಬರೆಯುತ್ತೇನೆ.

ಕಾರ್ಯದರ್ಶಿ